ಇಪ್ಪತ್ತೇಳೂವರೆಯಲ್ಲಿ ಒಂದು ಪಾಲು

ನಾನು ಒಂದು ಆಕಳಿನ ಇಪ್ಪತ್ತೇಳೂವರೆಯಲ್ಲಿ ಒಂದು ಪಾಲಿನ ಪೋಷಕ. ಆಕಳು ಯಾವ ಊರಿನದು, ಯಾವ ಗೋಶಾಲೆಯದು, ಕಪ್ಪೋ ಕೆಂಪೋ, ಹಾಯುವ ಚಾಳಿ ಉಂಟೋ ಇಲ್ಲವೋ, ನನಗೆ ತಿಳಿಯದು. ನನ್ನ ಪಾಲಿಗೆ ಕೊಂಬು ಬಂದಿದೆಯೋ ಬಾಲ ಬಂದಿದೆಯೋ ಅದನ್ನೂ ಯಾರೂ ತಿಳಿಸಿಲ್ಲ. ಲೆಕ್ಕ ಮಾತ್ರ ಪಕ್ಕಾ. ನಮ್ಮೂರು ದುಂಡಸಿಯ ಮಕ್ಕಳಿಗೆ ಭಿನ್ನರಾಶಿ ಕಲಿಸಿ ಕಲಿಸಿ ತಲೆಗೂದಲು ಕಳಕೊಂಡವನು ನಾನು.

2022ರಲ್ಲಿ ರಾಜ್ಯ ಸರ್ಕಾರ ‘ಪುಣ್ಯಕೋಟಿ ದತ್ತು ಯೋಜನೆ’ ತಂದಿತು. ವರ್ಷಕ್ಕೆ 11,000 ರೂಪಾಯಿ ಕೊಟ್ಟರೆ ಗೋಶಾಲೆಯ ಒಂದು ರಾಸು ನಿಮ್ಮ ದತ್ತು. ಆಗ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಅಂದರೆ ನಮ್ಮ ಶಿಗ್ಗಾವಿ ಕ್ಷೇತ್ರದ ಶಾಸಕರೇ. ಹಾಗಾಗಿ ಯೋಜನೆ ನಮ್ಮ ತಾಲ್ಲೂಕಿನದೇ ಎಂದು ನಾವೆಲ್ಲ ಎದೆಯುಬ್ಬಿಸಿ ತಿರುಗಿದೆವು. ನಟ ಸುದೀಪ್ ರಾಯಭಾರಿಯಾದರು. ಜಿಲ್ಲೆಗೊಂದರಂತೆ 31 ರಾಸುಗಳನ್ನು ದತ್ತು ತೆಗೆದುಕೊಳ್ಳುವುದಾಗಿ ಹೇಳಿದರು. ಆಮೇಲೆ ನೌಕರರ ಸರದಿ. ಆ ವರ್ಷದ ನವೆಂಬರ್ ಸಂಬಳದಲ್ಲಿ ‘ಎ’ ಗುಂಪಿನವರಿಂದ 11,000, ‘ಬಿ’ ಗುಂಪಿನವರಿಂದ 4,000, ‘ಸಿ’ ಗುಂಪಿನವರಿಂದ 400 ರೂಪಾಯಿ ವಂತಿಗೆ. ‘ಡಿ’ ಗುಂಪಿಗೆ ವಿನಾಯಿತಿ. ಒಲ್ಲೆನೆನ್ನುವವರು ಬರೆದುಕೊಡಬಹುದು ಎಂದೂ ಇತ್ತು. ಆದರೆ ‘ನನಗೆ ಆಕಳು ಬೇಡ’ ಎಂದು ಕಾಗದದ ಮೇಲೆ ಬರೆದು ಸಹಿ ಮಾಡುವ ಧೈರ್ಯ ಹಾವೇರಿ ಜಿಲ್ಲೆಯಲ್ಲಿ ಯಾರಿಗಿದೆ?

ನಾನು ‘ಸಿ’ ಗುಂಪು. ‘ಎ’ ಗುಂಪಿನ ಸಾಹೇಬರಿಗೆ ಇಡೀ ಆಕಳು, ನನಗೆ ಅದರ ಇಪ್ಪತ್ತೇಳೂವರೆಯಲ್ಲಿ ಒಂದು. ದಿನದ ಲೆಕ್ಕಕ್ಕೆ ತಂದರೆ 11,000 ಅಂದರೆ ದಿನಕ್ಕೆ ಮೂವತ್ತು ರೂಪಾಯಿ ಚಿಲ್ಲರೆ. ನನ್ನ ನಾಲ್ಕುನೂರು ಆಕಳಿನ ಹದಿಮೂರು ದಿನದ ಖರ್ಚು. ವರ್ಷದಲ್ಲಿ ಹದಿಮೂರು ದಿನ ಒಂದು ಮೂಕಪ್ರಾಣಿಗೆ ನಾನು ಅನ್ನದಾತ. ಮೊಬೈಲಿನಲ್ಲಿ ಒಳ್ಳೆಯದೊಂದು ಗಿರ್ ಆಕಳಿನ ಚಿತ್ರ ಹುಡುಕಿ, ‘ಗೋಮಾತೆಯ ಸೇವೆಯ ಭಾಗ್ಯ’ ಎಂದು ಬರೆದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದೆ. ಬೀಗರು, ಹಳೆಯ ಶಿಷ್ಯರು, ಎಲ್‌ಐಸಿ ಏಜೆಂಟರು ಎಲ್ಲರೂ ಕೈಮುಗಿದ ಚಿಹ್ನೆ ಕಳಿಸಿದರು. ಅಡುಗೆಮನೆಯಿಂದ ನಮ್ಮಾಕಿ ಒಂದೇ ಮಾತು ಕೇಳಿದಳು:

“ಆಕಳಾ ದತ್ತ ತಗೊಂಡೀರಿ, ಚಲೋ ಆತು. ಹಿತ್ತಲದಾಗ ಒಂದು ಕರ ಕಟ್ಟೈತೆಲ್ಲ, ಮುಂಜಾನಿಂದ ಅದಕ್ಕ ನೀರು ಕುಡಿಸೀರೇನು?”

ಇಲ್ಲಿ ನಮ್ಮ ಮನೆಯ ಜನಗಣತಿ ಹೇಳಬೇಕು.

ನಮ್ಮ ಮನೆ ಆಶ್ರಯಧಾಮವಾದದ್ದಕ್ಕೆ ಯಾರೂ ಟೇಪು ಕತ್ತರಿಸಲಿಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಮನುಷ್ಯರ ಪಾಡನ್ನು ಎಲ್ಲರೂ ಬರೆದಿದ್ದಾರೆ. ಬಸ್ ನಿಲ್ದಾಣದ ನಾಯಿಗಳ ಪಾಡೇನಾಯಿತು? ನಮ್ಮೂರ ನಾಯಿಗಳು ಬೇಟೆಯಾಡಿ ಬದುಕುವವಲ್ಲ. ಗಿರ್ಮಿಟ್ ತಿಂದು ಬಿಸಾಡಿದ ಕಾಗದ, ಮಿರ್ಚಿಯ ತೊಟ್ಟು, ಚಹಾದಂಗಡಿಯ ಬಿಸ್ಕೀಟಿನ ಚೂರು, ಇವೇ ಅವುಗಳ ಜಮೀನು. ಅಂಗಡಿ ಮುಚ್ಚಿದ ದಿನ ಅವು ಭೂಹೀನರಾದವು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಪತ್ರ ಬರೆದು, ಬೀದಿ ಪ್ರಾಣಿಗಳಿಗೆ ಅನ್ನ ನೀರು ತಪ್ಪದಂತೆ ನೋಡಿಕೊಳ್ಳಿ ಎಂದಿತಂತೆ. ಆ ಪತ್ರ ದುಂಡಸಿಯವರೆಗೆ ಬರಲಿಲ್ಲ. ನಾಯಿ ಬಂತು.

ಬಂದದ್ದು ಕಟ್ಟೆಯ ಕೆಳಗೆ ಮಲಗಿತು. ನಮ್ಮಾಕಿ ಒಂದು ರೊಟ್ಟಿ ಮುರಿದು ಹಾಕಿದಳು. “ಬಿಸಿ ರೊಟ್ಟಿ ಯಾಕ ಹಾಕ್ತಿ, ತಂಗಳು ಹಾಕು” ಎಂದೆ. “ತಂಗಳು ನಿಮಗಂತ ಇಟ್ಟೇನಿ” ಎಂದಳು. ಹೊರಗಿನಿಂದ ಬಂದದ್ದನ್ನು ಹದಿನಾಲ್ಕು ದಿನ ದೂರ ಇಡಬೇಕೆಂದು ಮಗ ಅದಕ್ಕೆ ‘ಕ್ವಾರಂಟೈನ್’ ಎಂದು ಹೆಸರಿಟ್ಟ. ಅವ್ವನ ಬಾಯಲ್ಲಿ ಅದು ‘ಕ್ವಾರಂಟಿ’ ಆಯಿತು. ಹದಿನಾಲ್ಕನೇ ದಿನಕ್ಕೆ ಕ್ವಾರಂಟಿ ಪಡಸಾಲೆಗೆ ಬಂತು, ನಾನು ಕಟ್ಟೆಗೆ ಬಂದೆ. ಬೇಸಿಗೆಯಲ್ಲಿ ಪಡಸಾಲೆಯ ಫ್ಯಾನಿನ ಕೆಳಗೆ ಒಬ್ಬರಿಗೇ ಜಾಗ.

ಅದರ ಹಿಂದೆ ಬಂದವರ ಪಟ್ಟಿ ಉದ್ದವಿದೆ, ಕೆಲವರನ್ನಷ್ಟೇ ಹೇಳುತ್ತೇನೆ. ಒಂದು ಕಣ್ಣಿನ ಬೆಕ್ಕು, ಮಳೆಗೆ ಗೂಡು ಬಿದ್ದ ಅಳಿಲು ಮರಿಗಳು, ರೆಕ್ಕೆ ಮುರಿದ ಪಾರಿವಾಳ. ಎಲ್ಲರಿಗೂ ನನ್ನ ಹಳೆಯ ಬನಿಯನ್ನುಗಳೇ ಹಾಸಿಗೆ. ಈಚೆಗೆ ಹೊಸ ಬನಿಯನ್ನು ತಂದರೂ “ಇದು ಎಷ್ಟು ದಿನಕ್ಕ ಹಳೇದಾಗತೈತಿ?” ಎಂದು ಕೇಳುತ್ತಾಳೆ.

ಇನ್ನು ಕರುವಿನ ಮಾತು.

2022ರ ಮಳೆಗಾಲದಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂತು. ರಾಜ್ಯದಲ್ಲಿ ಅದರ ಹೊಡೆತ ಜೋರಾಗಿ ಬಿದ್ದ ಜಿಲ್ಲೆಗಳಲ್ಲಿ ನಮ್ಮ ಹಾವೇರಿಯೂ ಒಂದು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ರೋಗ. ಮೈತುಂಬ ಗಂಟು, ಕಾಲು ಬಾವು, ಜ್ವರ. ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೂ ಹಾಕಿದರು. ದನದ ಸಂತೆ ಬಂದಾದವು. ಓಣಿಯಲ್ಲಿ ಬೇವಿನ ಹೊಗೆ ಏಳದ ಸಂಜೆ ಇರಲಿಲ್ಲ. ಸರ್ಕಾರ ಪರಿಹಾರ ಘೋಷಿಸಿತು: ಸತ್ತ ಆಕಳಿಗೆ 20,000 ರೂಪಾಯಿ, ಎತ್ತಿಗೆ 30,000, ಕರುವಿಗೆ 5,000. ನಮ್ಮ ಹಿಂದಿನ ಓಣಿಯ ಕಾಕಾರ ಎಚ್‌ಎಫ್ ಮಿಶ್ರತಳಿಯ ಆಕಳು ರೋಗಕ್ಕೆ ಹೋಯಿತು. ಬಾಣಂತಿ ಆಕಳು. ಕರು ಉಳಿಯಿತು, ಅದೂ ಗಂಡುಕರು. ಮಿಶ್ರತಳಿಯ ಗಂಡುಕರು ಹುಟ್ಟಿದಾಗ ಮನೆಯಲ್ಲಿ ಯಾರೂ ಸಕ್ಕರೆ ಹಂಚುವುದಿಲ್ಲ. ಹಾಲು ಕೊಡದು, ಹೊಲಕ್ಕೆ ಆಗದು, ಉಳುವುದಕ್ಕೆ ಟ್ರ್ಯಾಕ್ಟರ್ ಇದೆ. ಸತ್ತಿದ್ದರೆ ಐದು ಸಾವಿರ ಬರುತ್ತಿತ್ತು. ಬದುಕಿತು, ನಮ್ಮ ಮನೆಗೆ ಬಂತು.

ಬಂದಾಗ ಅದರ ಮೈಮೇಲೂ ಎರಡು ಗಂಟು ಕಂಡವು. ಹೈನು ಮಂಡಳಿಯವರು ಆಗ ಪ್ರಚಾರ ಮಾಡಿದ ಮನೆಮದ್ದನ್ನು ಅವ್ವ ಯಾರಿಂದಲೋ ಕೇಳಿಕೊಂಡು ಬಂದಿದ್ದಳು: ಹತ್ತು ವೀಳ್ಯದೆಲೆ, ಹತ್ತು ಗ್ರಾಂ ಮೆಣಸು, ಹತ್ತು ಗ್ರಾಂ ಉಪ್ಪು, ಅರೆದು ಬೆಲ್ಲ ಕಲಸಿ ನೆಕ್ಕಿಸಬೇಕು. ಅಳತೆ ದೊಡ್ಡ ದನದ್ದು. ಕರುವಿಗೆ ಅವ್ವ ಅಂದಾಜಿನಲ್ಲಿ ಕಡಿಮೆ ಮಾಡಿದಳು. ಎಲೆ ಎಲ್ಲಿಂದ? ಸವಣೂರಿನ ಎಲೆಯ ಕಟ್ಟು ಮನೆಯಲ್ಲಿ ಇದ್ದದ್ದು ನನ್ನೊಬ್ಬನಿಗಾಗಿ. ಊಟವಾದ ಮೇಲೆ ಎಲೆ ಹಾಕದಿದ್ದರೆ ನನಗೆ ಪಾಠ ಹೇಳಲಿಕ್ಕೆ ಬರುವುದಿಲ್ಲ. ಅವ್ವ ಅರೆಯುತ್ತ ಕುಳಿತಿದ್ದಳು. “ನನಗ ಎರಡರ ಉಳಸಬೇ” ಎಂದೆ. “ನಿನಗೇನ ಗಂಟು ಎದ್ದಾವೇನು?” ಎಂದಳು. ಕರು ಪಟಪಟ ನೆಕ್ಕಿತು, ನಾನು ಬಡೇಸೋಪು ಅಗಿದೆ. ಪಶು ಆಸ್ಪತ್ರೆಯ ಡಾಕ್ಟರೂ ಬಂದು ಸೂಜಿ ಹಾಕಿದ್ದರು. ಕರು ಉಳಿದದ್ದು ಎಲೆಯಿಂದಲೋ ಸೂಜಿಯಿಂದಲೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ತಾಯಿಯಿಲ್ಲದ ಕರು ಹಾಲಿಗೇನು ಮಾಡಬೇಕು? ಅಂಗಡಿಯಿಂದ ನಂದಿನಿ ಪಾಕೀಟು ತಂದೆವು. ಸುಮ್ಮನೆ ತರಲಿಲ್ಲ, ನನ್ನ ಸಂಬಳದಲ್ಲಿ ಆಕಳಿನ ವಂತಿಗೆ ಹಿಡಿದ ಆ ನವೆಂಬರಿನಲ್ಲೇ ಹಾಲಿನ ದರ ಲೀಟರಿಗೆ 2 ರೂಪಾಯಿ ಏರಿತ್ತು. ಟೋನ್ಡ್ ಹಾಲು 37 ಇದ್ದದ್ದು 39. ಹದಿಮೂರು ದಿನದ ಅನ್ನದಾತ ದಿನಾಲೂ ಮುಂಜಾನೆ ಚೀಲ ಹಿಡಿದು ಪಾಕೀಟು ತರಲು ಹೋಗುವಾಗ ಅಂಗಡಿಯವ, “ಸರ್, ಮನ್ಯಾಗ ಬಾಣಂತನೇನು?” ಎಂದು ಕೇಳುತ್ತಿದ್ದ. ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯದೆ ನಗುತ್ತಿದ್ದೆ. ಬೇರೆ ಆಕಳುಗಳ ಹಾಲನ್ನು ಬೇರೆ ಊರಿನಲ್ಲಿ ಕಾಯಿಸಿ ತಣಿಸಿ ಪಾಕೀಟು ಮಾಡಿ ಕಳಿಸಿದ್ದನ್ನು ಇಲ್ಲಿ ಮತ್ತೆ ಬೆಚ್ಚಗೆ ಮಾಡಿ ಒಂದು ಕರುವಿಗೆ ಕುಡಿಸುವುದು. ಆ ಹಾಲು ಕೊಟ್ಟ ಆಕಳುಗಳ ಗಂಡುಕರುಗಳು ಎಲ್ಲಿದ್ದವೋ ಎಂದು ಒಮ್ಮೊಮ್ಮೆ ಯೋಚನೆ ಬರುತ್ತಿತ್ತು. ಉತ್ತರ ಗೊತ್ತಿದ್ದದ್ದರಿಂದ ಯೋಚನೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಕರೆದಾಗ ಬರುವುದಿಲ್ಲವೆಂದು ನಾನು ನಮ್ಮ ಕರುವಿಗೆ ‘ಅನುದಾನ’ ಎಂದು ಹೆಸರಿಟ್ಟೆ. ನನ್ನ ಇಡೀ ಸೇವಾವಧಿಯಲ್ಲಿ ಸಹೋದ್ಯೋಗಿಗಳು ಮನಸಾರೆ ನಕ್ಕ ಏಕೈಕ ಹಾಸ್ಯ ಅದು.

ಅನುದಾನ ಬೆಳೆದ. ಆಗ ನನಗೊಂದು ಆಸೆ ಹುಟ್ಟಿತು. ನಮ್ಮ ಜಿಲ್ಲೆಯಲ್ಲಿ ಹೋರಿಗೆ ಸಿಗುವ ಮರ್ಯಾದೆ ಮೇಷ್ಟರಿಗೆ ಸಿಗುವುದಿಲ್ಲ. ದೀಪಾವಳಿಯಿಂದ ಶುರುವಾದರೆ ಹೋರಿ ಬೆದರಿಸುವ ಸ್ಪರ್ಧೆ ತಿಂಗಳುಗಟ್ಟಲೆ. ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು, ಬೆನ್ನಿಗೆ ಜೂಲು, ಊರ ಬಾಗಿಲಲ್ಲಿ ಬ್ಯಾನರು, ಹಿಂದೆ ಅಭಿಮಾನಿಗಳ ದಂಡು. ಹಬ್ಬದ ಹೋರಿಯ ಮಾಲೀಕ ಸಂತೆಗೆ ಬಂದರೆ ಜನ ಎದ್ದು ನಿಂತು ಜಾಗ ಕೊಡುತ್ತಾರೆ. ಅನುದಾನನನ್ನೂ ಓಡಿಸಿದರೆ? ಅವ್ವನನ್ನು ಕೇಳಿದೆ. ಅವ್ವ ಅದರ ಬೆನ್ನು ಸವರಿ, “ಇಣಿ ಎಲ್ಲೈತೋ ತಮ್ಮಾ?” ಎಂದಳು. ಎಚ್‌ಎಫ್ ತಳಿಗೆ ಇಣಿ ಇರುವುದಿಲ್ಲ. ಬೆನ್ನು ಮೇಜಿನಂತೆ ಚಪ್ಪಟೆ. ಅದರ ಮೇಲೆ ನಾನು ಉತ್ತರಪತ್ರಿಕೆ ತಿದ್ದಬಹುದಿತ್ತು. ಇಲ್ಲೇ ಹತ್ತಿರದ ಬಂಕಾಪುರ ಕೋಟೆಯೊಳಗೆ 1919ರಿಂದ ಖಿಲಾರಿ ತಳಿ ಸಾಕುತ್ತಾರೆ. ಬಿಲ್ಲು ಬಾಗಿದ ಕೋಡು, ಎದ್ದ ಇಣಿ, ಸರ್ಕಾರಿ ಮೇವು. ಅಂಥವು ಓಡಲು ಹುಟ್ಟಿದವು. ಅನುದಾನ ಪಾಕೀಟು ಕತ್ತರಿಸುವ ಸಪ್ಪಳಕ್ಕೆ ಮಾತ್ರ ಓಡುತ್ತಾನೆ, ಅದೂ ಅಡುಗೆಮನೆಯ ಕಡೆ.

ಹಿತ್ತಲಲ್ಲಿ ಜಾಗ ಸಾಲದಾಯಿತು. ನಾನು ಮನೆಯಲ್ಲಿ ಗಂಭೀರವಾಗಿ ಒಂದು ಭಾಷಣ ಮಾಡಿದೆ. ಪ್ರೀತಿ ಬೇರೆ, ವ್ಯವಸ್ಥೆ ಬೇರೆ, ಗೋಶಾಲೆಗಳಿರುವುದು ಯಾಕೆ, ನಾನೇ ಒಬ್ಬ ದತ್ತು ಪೋಷಕ, ನನ್ನ ಮಾತಿಗೆ ಅಲ್ಲಿ ತೂಕ ಇರುತ್ತದೆ ಎಂದೆಲ್ಲ. ನಮ್ಮಾಕಿ ವಾದ ಮಾಡಲಿಲ್ಲ. ಆಕೆ ವಾದ ಮಾಡದಿದ್ದರೆ ಹೆದರಬೇಕು ಎಂಬುದು ಮದುವೆಯಾದವರಿಗೆಲ್ಲ ಗೊತ್ತು, ಆದರೆ ಆ ದಿನ ನಾನು ಹುಮ್ಮಸ್ಸಿನಲ್ಲಿದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ರವಿವಾರ ಟಾಟಾ ಏಸ್ ಬಾಡಿಗೆಗೆ ಹಿಡಿದು ಅನುದಾನನನ್ನು ಏರಿಸಿ ಹೊರಟೆವು. “ನಾನೂ ಬರತೇನಿ, ನೋಡಿದಂಗಾಗತೈತಿ” ಎಂದು ನಮ್ಮಾಕಿಯೂ ಹತ್ತಿದಳು.

ಗೋಶಾಲೆಯ ಹೆಸರು ಬೇಡ. ನೋಡಿಕೊಳ್ಳುವವರು ವಯಸ್ಸಾದವರು. ನಮ್ಮನ್ನು ಕೂಡಿಸಿ, ಚಹಾ ಕೊಟ್ಟು, ಕರುವಿನ ಹಲ್ಲು ನೋಡಿ, ಮೈದಡವಿ, ಆಮೇಲೆ ಕೇಳಿದರು: “ಕರಾ ತಗೋತೇವ್ರಿ ಸರ್. ಮೇವು ಎಲ್ಲೈತಿ?”

ನಾನು ನನ್ನ ನಾಲ್ಕುನೂರರ ಮಾತೆತ್ತಿದೆ. ಅವರು ಕೈಮುಗಿದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ, ಅದೇ ನನಗೆ ಚುಚ್ಚಿತು. ಆಮೇಲೆ ಅವರು ಹೇಳಿದ್ದನ್ನು ನಾನು ಪೂರ್ತಿ ಬರೆಯಬೇಕು, ಯಾಕೆಂದರೆ ಈ ಲೇಖನದಲ್ಲಿ ತಿಳಿವಳಿಕೆಯ ಮಾತು ಆಡಿದವರು ಅವರೊಬ್ಬರೇ.

“ನೋಡ್ರಿ ಸರ್, ಗೋಶಾಲಿಗೆ ಜನ ದನಾ ಕೊಡತಾರ, ಮೇವು ಕೊಡೂದಿಲ್ಲ. ರಾತ್ರಿ ಬಂದು ಗೇಟಿಗೆ ಕಟ್ಟಿ ಹೋಗತಾರ. ಹಗಲಿ ಬಂದವ್ರು ಹುಟ್ಟಿದಹಬ್ಬ ಅಂತ ಬರತಾರ. ಬುಟ್ಟಿಗಟ್ಟಲೆ ಬೆಲ್ಲ, ಬಾಳಿಹಣ್ಣು, ಅನ್ನ, ಹೋಳಿಗಿ ತಿನ್ನಿಸಿ ಫೋಟೋ ತಗೊಂಡು ಹೋಗತಾರ. ದನದ ಹೊಟ್ಟಿ ಹುಲ್ಲಿಗೆ ಮಾಡಿದ್ದು. ಅನ್ನಾ ಹೋಳಿಗಿ ಬಿದ್ದ್ರ ಹೊಟ್ಟ್ಯಾಗ ಹುಳಿಯಾಗತೈತಿ, ಉಬ್ಬರ ಬರತೈತಿ, ರಾತ್ರಿಯೆಲ್ಲ ನಾವು ಡಾಕ್ಟರ್‌ಗ ಫೋನ್ ಹಚ್ಚಬೇಕು. ದೀಪಾವಳಿ, ಸಂಕ್ರಾಂತ್ಯಾಗ ಕಾರು ನಿಲ್ಲಸಾಕ ಜಾಗ ಇರೂದಿಲ್ಲ. ಫೆಬ್ರುವರಿ ಮುಗೀಲಿ, ಹುಲ್ಲಿನ ರೇಟು ಏರಲಿ, ಒಬ್ಬರ ಮುಖಾನೂ ಕಾಣೂದಿಲ್ಲ. ಕೆಟ್ಟ ಕಾಲ ಬಂದ್ರ ದನಾ ಹೆಚ್ಚಾಗತಾವು, ಮೇವು ಕಡಿಮಿ ಆಗತೈತಿ, ಕೊಡೋ ಕೈನೂ ಕಡಿಮಿ ಆಗತೈತಿ. ಮೂರೂ ಒಮ್ಮೆ ಬರತಾವ್ರಿ.”

ನಾನು ಸಂಕ್ರಾಂತಿ ಕಳೆದ ಮೇಲೆ ಬಂದವನು, ಮೇವಿಲ್ಲದೆ ಬಂದವನು, ದನ ತಂದವನು. ಫೋಟೋ ಒಂದು ತೆಗೆದುಕೊಳ್ಳುವುದು ಬಾಕಿ ಇತ್ತು, ಮೊಬೈಲು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ನಮ್ಮಾಕಿ ಅಷ್ಟರಲ್ಲಿ ಕೊಟ್ಟಿಗೆ ಸುತ್ತಿ ಬಂದಿದ್ದಳು. “ಇದನ್ನ ಇಲ್ಲಿ ಬಿಟ್ಟು ಇವರ ಹೊರಿ ಹೆಚ್ಚಿಸೋದು ಬ್ಯಾಡ್ರೀ. ಒಂದು ಕರ ನಮಗ ಭಾರ ಅಂದ್ರ ಇವರಿಗೆ ಹಗರೇನು?” ಎಂದಳು. ಟಾಟಾ ಏಸ್ ತಿರುಗಿತು. ಬಾಡಿಗೆ ಮಾತ್ರ ಎರಡೂ ಕಡೆಯದು. ಹೊರಡುವಾಗ ಹಿರಿಯರು, ನೀವು ಮೇಷ್ಟರು, ನಾಲ್ಕು ಜನರ ಗುರುತಿರುವವರು ಎಂದು ನನ್ನ ಕೈಗೊಂದು ರಸೀದಿ ಪುಸ್ತಕ ಕೊಟ್ಟರು. ಊರು ಮುಟ್ಟಿ ಕರುವನ್ನು ಇಳಿಸಿ ನೋಡಿದರೆ ನಮ್ಮಾಕಿಯ ಸೆರಗಿನಲ್ಲಿ ಒಂದು ಕುಂಟು ನಾಯಿಮರಿ. ಗೋಶಾಲೆಯ ಗೇಟಿನಲ್ಲಿ ಯಾರೋ ಬಿಟ್ಟು ಹೋಗಿದ್ದರಂತೆ. ಹೆಣ್ಣು. ಒಂದು ಪ್ರಾಣಿಯನ್ನು ಕಳಿಸಲು ಹೋದ ವ್ಯವಸ್ಥಾಪಕ ಎರಡು ಪ್ರಾಣಿ ಮತ್ತು ಒಂದು ರಸೀದಿ ಪುಸ್ತಕದೊಂದಿಗೆ ಮರಳಿದ.

ಹಿರಿಯರು ಹೇಳಿದ ಕೆಟ್ಟ ಕಾಲ ಅದೇ ವರ್ಷ ಬಂತು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಮೇವು ಹೊರರಾಜ್ಯಕ್ಕೆ ಹೋಗದಂತೆ ಸರ್ಕಾರ ತಡೆ ಹಾಕಿತು. ಗೋಶಾಲೆಗೆ ಹಣ ಕೇಳುತ್ತ ರಸೀದಿ ಪುಸ್ತಕ ಹಿಡಿದು ಹೋದರೆ ಜನ ಓಣಿಯ ಆ ತುದಿಯಿಂದಲೇ ಕೈಮುಗಿಯುತ್ತಿದ್ದರು. ಅವರದೂ ತಪ್ಪಲ್ಲ. ಬೆಳೆ ಹೋದವರ ಬಾಗಿಲಲ್ಲಿ ನಿಂತು ಆಕಳಿಗೆಂದು ಕೇಳಲು ನಾಲಗೆ ಏಳುತ್ತಿರಲಿಲ್ಲ. ಮೊದಲ ರಸೀದಿ ನನ್ನ ಹೆಸರಿನಲ್ಲೇ ಹರಿದೆ, ಎರಡನೆಯದು ಅವ್ವನ ಹೆಸರಿನಲ್ಲಿ, ಮೂರನೆಯದು ಮಗನ ಹೆಸರಿನಲ್ಲಿ. ಕ್ವಾರಂಟಿಯ ಹೆಸರಿನಲ್ಲೂ ಹರಿಯುವವನಿದ್ದೆ, ಮನೆತನದ ಹೆಸರು ಏನು ಬರೆಯಬೇಕೆಂದು ತಿಳಿಯಲಿಲ್ಲ.

ನಮ್ಮಾಕಿಯ ಲೆಕ್ಕ ಬೇರೆ. ಹಾವೇರಿ ಜಿಲ್ಲೆ ಅಂದರೆ ಗೋವಿನಜೋಳದ ಸೀಮೆ. ತೆನೆ ಮುರಿದ ಮೇಲೆ ಎಷ್ಟೋ ಹೊಲದಲ್ಲಿ ಸೊಪ್ಪೆಗೆ ಬೆಂಕಿ ಹಚ್ಚುತ್ತಾರೆ. ಕೊಯ್ಯುವ ಕೂಲಿ ಗಿಟ್ಟುವುದಿಲ್ಲ, ಮುಂದಿನ ಹರಗಾಟಕ್ಕೆ ಹೊಲ ತೆರವಾಗಬೇಕು. “ರೊಕ್ಕಾ ಯಾಕ ಕೇಳತೀರಿ? ಸುಡೋದನ್ನ ಕೇಳ್ರಿ” ಎಂದಳು. ಬರದ ವರ್ಷವೂ ಬಾವಿ, ಬೋರಿನ ಹೊಲಗಳಲ್ಲಿ ಸೊಪ್ಪೆ ಇತ್ತು. ಆಕೆಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕುಡಗೋಲು ಹಿಡಿದು ಹೊರಟರು. ಕೊಯ್ದರು, ಸಿವುಡು ಕಟ್ಟಿದರು, ಹೊತ್ತು ತಂದು ಟ್ರ್ಯಾಕ್ಟರಿಗೆ ಹೇರಿದರು. ನಾನು ಸೊಂಟದ ಚಳಕಿನವನಾದ್ದರಿಂದ ಬದುವಿನ ಮೇಲೆ ನಿಂತು ಸಿವುಡು ಎಣಿಸಿದೆ. ಎಣಿಕೆ ತಪ್ಪಿದಾಗೊಮ್ಮೆ ಅವರು ಸರಿ ಮಾಡಿದರು. ಟ್ರ್ಯಾಕ್ಟರ್ ಗೋಶಾಲೆ ಮುಟ್ಟಿದಾಗ ಪತ್ರಿಕೆಯವರೂ ಬಂದಿದ್ದರು. ನಾನು ಇಸ್ತ್ರಿ ಅಂಗಿ ಹಾಕಿ ಟ್ರ್ಯಾಕ್ಟರಿನ ಬಲಕ್ಕೆ ನಿಂತೆ. ಮರುದಿನದ ಚಿತ್ರದಲ್ಲಿ ಸಂಘದವರೆಲ್ಲರೂ ಇದ್ದರು, ಹಿರಿಯರಿದ್ದರು, ಒಂದು ಎಮ್ಮೆಯೂ ಇತ್ತು. ಬಲತುದಿಯಲ್ಲಿ ಒಂದು ಮೊಣಕೈ. ಅದು ನನ್ನದೆಂದು ನಾನು ಸ್ಟಾಫ್ ರೂಮಿನಲ್ಲಿ ಸಾಬೀತು ಮಾಡಬೇಕಾಯಿತು.

ಮನೆಯಲ್ಲಿ ಕಾನೂನು ಒಮ್ಮೆ ಮಾತ್ರ ನನ್ನ ಪರ ಬಂದಿದೆ. ಬಂಕಾಪುರ ಕೋಟೆಯ 139 ಎಕರೆಯನ್ನು 2006ರಲ್ಲಿ ನವಿಲುಧಾಮ ಎಂದು ಘೋಷಿಸಿದ್ದಾರೆ. ಆದರೆ ನವಿಲುಗಳು ಆ ಆದೇಶ ಓದಿಲ್ಲ. ಸುತ್ತಲಿನ ಕಾಡು, ಹೊಲ, ಹಿತ್ತಲು ಎಲ್ಲವೂ ತಮ್ಮದೇ ಎನ್ನುತ್ತವೆ. ಒಂದು ಮುಂಜಾನೆ ಕಾಲಿಗೆ ತಂತಿ ಸುತ್ತಿಕೊಂಡ ಹೆಣ್ಣುನವಿಲು ನಮ್ಮಾಕಿಯ ಬುಟ್ಟಿಯಲ್ಲಿತ್ತು. “ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972. ರಾಷ್ಟ್ರಪಕ್ಷಿ. ಮೊದಲನೇ ಪರಿಚ್ಛೇದ. ಮನೆಯಲ್ಲಿಟ್ಟರೆ ಜೈಲು!” ಎಂದು ನಾನು ಕುಣಿದೆ. ಇಷ್ಟು ಸಂತೋಷದಿಂದ ನಾನು ಯಾವ ಕಾಯ್ದೆಯನ್ನೂ ಉದ್ಧರಿಸಿಲ್ಲ. ಅರಣ್ಯ ಇಲಾಖೆಯ ದುಂಡಸಿ ವಲಯದವರಿಗೆ ಫೋನು ಮಾಡಿದೆ, ಬಂದು ಒಯ್ದರು. ಹೋಗುವಾಗ ಸಿಬ್ಬಂದಿಯೊಬ್ಬರು, “ಅಕ್ಕಾರ, ಮುಂದ ಇಂಥಾವು ಸಿಕ್ಕರ ನಮಗ ತಿಳಸ್ರಿ. ಮತ್ತ ನಮಗ ಹಾವು, ಉಡ ಬಂದಾಗ ಸ್ವಲ್ಪ ಸಹಾಯಕ್ಕ ನಿಮ್ಮ ನಂಬರ್ ಕೊಡ್ರಿ” ಎಂದರು. ಕಾನೂನು ಅಲ್ಲಿಗೇ ಪಕ್ಷ ಬದಲಿಸಿತು.

2025 ಬಂತು. ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿಡಿ ಎಂದಿತು. ಅದೇ ತಿಂಗಳ 22ರಂದು ಆದೇಶ ಬದಲಿಸಿ, ಸಂತಾನಶಕ್ತಿಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದವು ಮತ್ತು ಕಚ್ಚುವವನ್ನು ಬಿಡಬೇಡಿ ಎಂದಿತು. ನವೆಂಬರ್ 7ಕ್ಕೆ ಇನ್ನೊಂದು: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಲ್ಲಿ ನಾಯಿ ಇರಕೂಡದು, ನೋಡಿಕೊಳ್ಳಲು ಒಬ್ಬ ನೋಡಲ್ ಅಧಿಕಾರಿ ಇರಬೇಕು. ನಾಯಿ ಕಡಿತದಿಂದ ಮಕ್ಕಳು ಸಾಯುವುದು ತಮಾಷೆಯ ಮಾತಲ್ಲ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇಷ್ಟು ನಾಯಿಗಳನ್ನು ಇಡುವ ಆಶ್ರಯತಾಣ ಎಲ್ಲಿವೆ, ಅವುಗಳ ದಿನದ ರೊಟ್ಟಿ ಯಾರದು ಎಂದು ಕೇಳಿದರೆ ಮತ್ತೆ ಗೋಶಾಲೆಯ ಹಿರಿಯರ ಪ್ರಶ್ನೆಯೇ ಬಂದು ನಿಲ್ಲುತ್ತದೆ.

ನಮ್ಮ ಶಾಲೆಗೆ ನೋಡಲ್ ಅಧಿಕಾರಿ ಯಾರು? ಪ್ರಾಣಿಗಳ ಅನುಭವ ಯಾರಿಗಿದೆ ಎಂದು ಮುಖ್ಯಗುರುಗಳು ಕೇಳಿದರು. ಇಡೀ ಸ್ಟಾಫ್ ರೂಮು ನನ್ನ ಕಡೆ ತಿರುಗಿತು. ಮರುದಿನ ಬಿಸಿಯೂಟದ ಗಂಟೆಗೆ ಆವರಣ ಪರಿಶೀಲನೆಗೆ ಹೊರಟೆ. ಒಂದೇ ಒಂದು ನಾಯಿ ಇತ್ತು. ಅಡುಗೆಕೋಣೆಯ ಬಾಗಿಲಲ್ಲಿ ಕುಳಿತಿತ್ತು, ಮೊಟ್ಟೆ ಹಂಚುವ ಹೊತ್ತೆಂದು ತಿಳಿದೇ ಬಂದಿತ್ತು. ನನ್ನನ್ನು ಕಂಡು ಬಾಲ ಅಲ್ಲಾಡಿಸಿತು. ಮಕ್ಕಳು ಒಕ್ಕೊರಲಿಂದ ಕೂಗಿದರು: “ಸರ್, ನಿಮ್ಮ ಕ್ವಾರಂಟಿ!” ವರದಿಯಲ್ಲಿ ‘ಬೀದಿನಾಯಿಗಳ ಸಂಖ್ಯೆ: ಸೊನ್ನೆ’ ಎಂದು ಬರೆದೆ. ಸುಳ್ಳಲ್ಲ, ಅದು ಬೀದಿಯದಲ್ಲ. ಈಗ ನಾನು ಶಾಲೆಗೆ ಹೊರಡುವ ಮುಂಚೆ ಅದನ್ನು ಕಟ್ಟುತ್ತೇವೆ, ಅದು ಬಿಡಿಸಿಕೊಂಡು ನನಗಿಂತ ಮೊದಲೇ ಶಾಲೆ ಮುಟ್ಟುತ್ತದೆ. ಹಾಜರಿಯಲ್ಲಿ ನನಗಿಂತ ಅದರ ದಾಖಲೆ ಚೆನ್ನಾಗಿದೆ.

ಮನೆಯಲ್ಲಿ ಕಳಕೊಂಡ ಮಾನವನ್ನು ಇತಿಹಾಸದಿಂದ ಗಳಿಸೋಣವೆಂದು ಒಂದು ರಾತ್ರಿ ಊಟದಲ್ಲಿ ಮುಂಬಯಿಯ ಕಥೆ ತೆಗೆದೆ. 1832ರಲ್ಲಿ ಅಲ್ಲಿನ ಬ್ರಿಟಿಷ್ ಆಡಳಿತ ಬೀದಿನಾಯಿ ಕೊಂದ ಪೊಲೀಸರಿಗೆ ಬಕ್ಷೀಸು ಇಟ್ಟಿತ್ತು. ಮನೆ ಮನೆಗೆ ನುಗ್ಗಿ ನಾಯಿ ಹಿಡಿಯತೊಡಗಿದಾಗ ಪಾರ್ಸಿಗಳು ದಂಗೆ ಎದ್ದರು, ಅಂಗಡಿ ಮುಚ್ಚಿಸಿದರು, ಬ್ರಿಟಿಷ್ ಪಡೆಗೆ ರೊಟ್ಟಿ ಮಾಂಸ ಹೋಗದಂತೆ ತಡೆದರು. ಎರಡು ವರ್ಷದಲ್ಲಿ, 1834ರಲ್ಲಿ, ಸರ್ ಜಮ್‌ಶೆಟ್‌ಜಿ ಜೀಜೀಭಾಯ್ ಮತ್ತಿತರ ಸಾಹುಕಾರರು ಸೇರಿ ಪಾಂಜರಪೋಳ ಕಟ್ಟಿಸಿದರು. ದನ, ನಾಯಿ, ಹಕ್ಕಿ ಎಲ್ಲಕ್ಕೂ ಆಶ್ರಯ. ಇವತ್ತಿಗೂ ಇದೆ. “ನೋಡು, ಗಂಡಸರು ಎಂಥಾ ಕೆಲಸ ಮಾಡ್ಯಾರ!” ಎಂದೆ.

ನಮ್ಮಾಕಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಕಟ್ಟಿಸಿದವರ ಹೆಸರು ಬರದಾರ. ಅವತ್ತಿಂದ ದಿನಾ ಸೆಗಣಿ ಬಳದವರದು?”

ನಾನು ಇನ್ನೊಂದು ರೊಟ್ಟಿ ಕೇಳಿದೆ. “ಅದು ಕುಂಟೀದು” ಎಂದಳು.

ಕುಂಟಿ ಅಂದರೆ ಗೋಶಾಲೆಯಿಂದ ಸೆರಗಿನಲ್ಲಿ ಬಂದವಳು. ಆಕೆಗೆ ಸಂತಾನಶಕ್ತಿಹರಣದ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ನಾವು ದಿನ ನೋಡುತ್ತಿರುವಾಗಲೇ ಆಕೆ ತನ್ನ ದಿನ ನೋಡಿಕೊಂಡಿದ್ದಳು. ಮರಿ ಹಾಕಿದ ಮೇಲೆ ಈಗ ಆಗಿದೆ, ಹೊಲಿಗೆಯೂ ಒಣಗಿದೆ. ಗಂಡುಮರಿಗಳನ್ನು ಜನ ಕಣ್ಣು ತೆರೆಯುವ ಮೊದಲೇ ಹೇಳಿಟ್ಟು ಒಯ್ದರು. ಹೆಣ್ಣುಮರಿಗಳನ್ನು ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟು ಹೋಗುತ್ತಾರೆ. ಹಾಲು ಕೊಡುವುದಕ್ಕೆ ಹೆಣ್ಣುಕರು ಬೇಕು, ಮನೆ ಕಾಯುವುದಕ್ಕೆ ಗಂಡುಮರಿ ಬೇಕು. ನಮ್ಮ ಹಿತ್ತಲಲ್ಲಿ ಉಳಿಯುವುದು ಮಾತ್ರ ಯಾವಾಗಲೂ ಅದಲು ಬದಲು.

ಆದ್ದರಿಂದ ಓದುಗರಲ್ಲಿ ಎರಡು ವಿನಂತಿ. ಎರಡು ಹೆಣ್ಣುಮರಿಗಳಿವೆ, ಲಸಿಕೆ ಹಾಕಿಸಿದೆ, ರೊಟ್ಟಿಯಾದರೂ ತಿನ್ನುತ್ತವೆ, ಅನ್ನವಾದರೂ ತಿನ್ನುತ್ತವೆ. ಒಯ್ಯಲು ಬರುವವರು ನಮ್ಮಾಕಿಯ ಸಂದರ್ಶನಕ್ಕೆ ತಯಾರಾಗಿ ಬನ್ನಿ. ನನ್ನ ಶಿಫಾರಸು ನಡೆಯುವುದಿಲ್ಲ. ಇನ್ನೊಂದು, ಗೋವಿನಜೋಳ ಮುರಿದ ಮೇಲೆ ಸೊಪ್ಪೆಗೆ ಕಡ್ಡಿ ಗೀರುವ ಮೊದಲು ಹತ್ತಿರದ ಗೋಶಾಲೆಗೆ ಒಂದು ಫೋನು ಮಾಡಿ. ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಕಡೆಯವರಾದರೆ ನಮಗೇ ಹೇಳಿ, ಸಂಘದವರು ಬಂದು ಕೊಯ್ದುಕೊಳ್ಳುತ್ತಾರೆ. ಟ್ರ್ಯಾಕ್ಟರ್ ಬಾಡಿಗೆ ನಮ್ಮದು ಎಂದು ನಮ್ಮಾಕಿ ಬರೆಯಲು ಹೇಳಿದ್ದಾಳೆ. ನಮ್ಮದು ಅಂದರೆ ನನ್ನದು.